ಸುತ್ತ ಕಡಲು, ಟ್ಯಾಂಕಿನಲ್ಲಿ 400 ಲೀಟರ್

ನಾನು ಚಳ್ಳಕೆರೆಯವಳು. ನಾನು ಬೆಳೆಯುವಾಗ ನಮ್ಮ ಬೀದಿಗೆ ನಲ್ಲಿ ನೀರು ಬರುತ್ತಿದ್ದದ್ದು ನಾಲ್ಕೈದು ದಿನಕ್ಕೊಮ್ಮೆ. ಬಂದ ದಿನ ಹಂಡೆ, ಡ್ರಮ್ಮು, ಕೊಡ ಎಲ್ಲ ಮುಗಿದು ಕೊನೆಗೆ ಸಾರಿನ ಪಾತ್ರೆಗೂ ಹಿಡಿದಿಡುತ್ತಿದ್ದೆವು. ಕಡಲನ್ನು ಮೊದಲ ಸಲ ನೋಡಿದ್ದು ಕಾಲೇಜಿನ ಟೂರಿನಲ್ಲಿ, ಮಲ್ಪೆಯಲ್ಲಿ, ಅದೂ ಮೊಣಕಾಲುದ್ದ ಮಾತ್ರ. ಈಜು ಕಲಿತದ್ದು ಮೂವತ್ತೈದು ದಾಟಿದ ಮೇಲೆ, ಸ್ಟುಟ್‌ಗಾರ್ಟ್‌ನ ಈಜುಕೊಳದಲ್ಲಿ, ಎಂಟು ವರ್ಷದ ಮಕ್ಕಳ ಪಕ್ಕ. ಇಂಥವಳು ಒಂದು ವಾರ ಹಾಯಿದೋಣಿಯಲ್ಲೇ ಉಂಡು ಮಲಗಿ ಎದ್ದು ಬಂದೆ ಅಂದರೆ ಊರಲ್ಲಿ ಯಾರೂ ನಂಬಲಿಲ್ಲ.

ನಮ್ಮವರ ಆಫೀಸಿನಿಂದ ನಿವೃತ್ತರಾದ ಜರ್ಮನ್ ಹಿರಿಯರೊಬ್ಬರಿಗೆ ಹಾಯಿದೋಣಿಯ ಹುಚ್ಚು. ಪ್ರತಿ ಸೆಪ್ಟೆಂಬರ್ ಕ್ರೊಯೇಶಿಯಾಕ್ಕೆ ಹೋಗಿ ದೋಣಿ ಬಾಡಿಗೆ ಹಿಡಿಯುತ್ತಾರೆ. ಅಲ್ಲಿ ದೋಣಿ ನಡೆಸುವ ಪರವಾನಗಿ, ದೋಣಿಯಿಂದ ಮಾತಾಡುವ ವಿಎಚ್‌ಎಫ್ ರೇಡಿಯೊದ ಪ್ರಮಾಣಪತ್ರ ಎರಡೂ ಬೇಕು. ಅವರ ಬಳಿ ಎರಡೂ ಇವೆ. 2023ರಲ್ಲಿ ಅವರ ಹಳೇ ಜೊತೆಗಾರರು ಕೈಕೊಟ್ಟರು. ನಾವಿಬ್ಬರು, ಜೊತೆಗೆ ಕುಂದಾಪುರದ ಗೆಳೆಯ, ಅವನ ಹೆಂಡತಿ ಸೇರಿಕೊಂಡೆವು. ಕ್ಯಾಪ್ಟನ್ ದಂಪತಿ ಸೇರಿ ಆರು ಜನ. ಕುಂದಾಪುರದವನು ಹೊರಡುವ ಮೊದಲೇ ಘೋಷಿಸಿಬಿಟ್ಟಿದ್ದ: "ನಾನ್ ಕಡಲ ಬದಿಯವ ಮಾರಾಯ್ರೆ, ನಂಗ್ ಎಂತದೂ ಆತಿಲ್ಲೆ. ನಿಮ್ಮನ್ನ್ ಕಂಡ್ರೇ ಹೆದ್ರಿಕೆ."

ಶನಿವಾರ, ಸ್ಪ್ಲಿಟ್

ಸ್ಪ್ಲಿಟ್ ಕ್ರೊಯೇಶಿಯಾದ ಬಂದರು ನಗರ. ದೋಣಿ ಕೈಗೆ ಸಿಗುವುದು ಸಂಜೆ ಐದಕ್ಕೆ. ಅಲ್ಲಿ ಎಲ್ಲರದ್ದೂ ಶನಿವಾರದಿಂದ ಶನಿವಾರದ ಲೆಕ್ಕ, ಹಾಗಾಗಿ ಬಂದರಿನಲ್ಲಿ ಜಾತ್ರೆ. ಕೈಯಲ್ಲೊಂದು ಪಟ್ಟಿ ಹಿಡಿದ ಹುಡುಗ ಬಂದು ಚಮಚ, ಲೋಟ, ತಟ್ಟೆ, ಬಾಣಲೆ ಎಣಿಸಿ ಒಪ್ಪಿಸಿದ. ಥೇಟ್ ನಮ್ಮ ಮದುವೆ ಛತ್ರದ ಪಾತ್ರೆ ಲೆಕ್ಕ. ಹನ್ನೆರಡು ಚಮಚ ಅಂತ ನಾನೇ ಸಹಿ ಹಾಕಿದೆ.

45 ಅಡಿ ಉದ್ದ ಅಂದಾಗ ದೊಡ್ಡದೇ ಅಂದುಕೊಂಡಿದ್ದೆ. ಆದರೆ ಅದರೊಳಗೆ ನಾಲ್ಕು ಕೋಣೆ, ಎರಡು ಕಕ್ಕಸು, ಅಡುಗೆಮನೆ, ಊಟದ ಮೇಜು. ನಮ್ಮ ಕೋಣೆಯಲ್ಲಿ ಒಬ್ಬರು ಬಟ್ಟೆ ಬದಲಿಸುವಾಗ ಇನ್ನೊಬ್ಬರು ಹಾಸಿಗೆ ಮೇಲೆ ಕಾಲು ಮಡಚಿ ಕೂರಬೇಕು. "ಮಡಚುವ ಚೀಲ ಮಾತ್ರ ತನ್ನಿ" ಅಂತ ಕ್ಯಾಪ್ಟನ್ ಮೂರು ಸಲ ಹೇಳಿದ್ದರು. ಕುಂದಾಪುರದವನು ಗಟ್ಟಿ ಸೂಟ್‌ಕೇಸ್ ತಂದಿದ್ದ. ಅದು ವಾರಪೂರ್ತಿ ಅವನ ಕಾಲಬದಿಯಲ್ಲೇ ಮಲಗಿತು, ಹೆಂಡತಿಗಿಂತ ಹತ್ತಿರ.

ಚಪ್ಪಲಿಯನ್ನು ದೋಣಿ ಕಟ್ಟುವ ಧಕ್ಕೆಯಲ್ಲೇ ಬಿಟ್ಟು ಒಳಗೆ ಬರಬೇಕೆಂದಾಗ ನಮಗೆ ಸಮಾಧಾನವಾಯಿತು. ಇದೊಂದು ಗೊತ್ತಿರುವ ನಿಯಮ.

ಕಕ್ಕಸಿನ ಪಾಠವೇ ಇಪ್ಪತ್ತು ನಿಮಿಷ ಹಿಡಿಯಿತು. ಪಕ್ಕದಲ್ಲೊಂದು ಕೈಪಂಪು. ಅದರ ಗುಬುಟು ಒಂದು ಕಡೆ ತಿರುಗಿಸಿದರೆ ಕಡಲ ನೀರು ಒಳಬರುತ್ತದೆ, ಇನ್ನೊಂದು ಕಡೆ ತಿರುಗಿಸಿ ಹೊಡೆದರೆ ಖಾಲಿಯಾಗುತ್ತದೆ. ಇಪ್ಪತ್ತು ಸಲ ಹೊಡೆಯಬೇಕು, ಎಣಿಸಿ. ಕಾಗದ ಹಾಕುವಂತಿಲ್ಲ, ಪೈಪು ಕಟ್ಟಿಕೊಂಡರೆ ಬಿಚ್ಚಿ ತೆಗೆಯುವುದು ಕಟ್ಟಿಸಿದವರ ಕೆಲಸ. "ಮೊದಲು ಬಾಯಿಂದ ಒಳಗೆ ಹೋಗಿರದ ಯಾವುದೂ ಇದರೊಳಗೆ ಹೋಗಕೂಡದು" ಅಂತ ಕ್ಯಾಪ್ಟನ್ ಗಂಭೀರವಾಗಿ ಹೇಳಿದರು. ಕಾಗದವಿಲ್ಲದೆ ಹೇಗೆ ಅಂತ ಅವರ ಹೆಂಡತಿ ನಮಗಾಗಿ ಮರುಗುತ್ತಿದ್ದರು. ನಾವು ನಾಲ್ವರು ಮುಖ ಮುಖ ನೋಡಿಕೊಂಡೆವು. ಚೀಲದಲ್ಲಿ ಚೊಂಬು ಇತ್ತು.

ಇನ್ನೊಂದು ನಿಯಮ ಗ್ಯಾಸಿನದ್ದು. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲಿನಿಂದ ಹೊರಗೆ ಹೋದೀತು, ದೋಣಿಯಲ್ಲಿ ಸೋರಿದ್ದೆಲ್ಲ ತಳದಲ್ಲೇ ಕೂರುತ್ತದೆ. ಹಾಗಾಗಿ ಒಲೆ ಆರಿಸಿದ ತಕ್ಷಣ ವಾಲ್ವ್ ಕೂಡ ಮುಚ್ಚಬೇಕು. ಮೂರನೆಯದು ನಾವಿಕರ ಹಳೇ ಮಾತು: ಒಂದು ಕೈ ನಿನಗೆ, ಒಂದು ಕೈ ದೋಣಿಗೆ. ಓಡಾಡುವಾಗ ಯಾವಾಗಲೂ ಒಂದು ಕೈ ಏನನ್ನಾದರೂ ಹಿಡಿದಿರಬೇಕು.

ರಾತ್ರಿ ನಿದ್ದೆ ಬರಲಿಲ್ಲ. ದೋಣಿ ಕಟ್ಟಿಯೇ ಇತ್ತು, ಆದರೂ ತಲೆಯಿಂದ ಒಂದು ಗೇಣು ದೂರದಲ್ಲಿ ನೀರು ಲೊಚಗುಟ್ಟುತ್ತಿತ್ತು. ಪಕ್ಕದ ದೋಣಿಗಳ ಹಗ್ಗಗಳು ಹಾಯಿಕಂಬಕ್ಕೆ ಟಿಣ್ ಟಿಣ್ ಬಡಿಯುತ್ತಿದ್ದವು, ದನದ ಕೊಟ್ಟಿಗೆಯಲ್ಲಿ ಮಲಗಿದ ಹಾಗೆ.

ಭಾನುವಾರ, ಮಿಲ್ನಾ

ಹಗ್ಗಕ್ಕೆ ದೋಣಿಯಲ್ಲಿ ಹಗ್ಗ ಅನ್ನುವಂತಿಲ್ಲ. ಹಾಯಿ ಏರಿಸುವುದು ಹ್ಯಾಲ್ಯಾರ್ಡ್, ಹಾಯಿಯನ್ನು ಎಳೆದು ಸಡಿಲಿಸುವುದು ಶೀಟ್. ಶೀಟ್ ಅಂದರೆ ಬಟ್ಟೆಯೇ ಅಂದುಕೊಂಡು ನಾನು ಅರ್ಧ ದಿನ ಹಾಯಿಯನ್ನೇ ನೋಡುತ್ತಿದ್ದೆ. ವಿಂಚ್ ಎಂಬ ರಾಟೆಗೆ ಹಗ್ಗವನ್ನು ಗಡಿಯಾರ ತಿರುಗುವ ಕಡೆಗೇ ಮೂರು ಸುತ್ತು ಸುತ್ತಬೇಕು. ಬೆರಳು ಒಳಗೆ ಸಿಕ್ಕಿಕೊಳ್ಳಬಾರದು.

ಆಮೇಲೆ ಗಂಟು. ಬೌಲೈನ್ ಎಂಬ ಗಂಟನ್ನು ಕಲಿಸಲು ಕ್ಯಾಪ್ಟನ್ ಏನೋ ಬಾವಿ, ಮರ, ಪ್ರಾಣಿಯ ಕಥೆ ಹೇಳಿದರು. ನಮ್ಮವರು ಎಂಜಿನಿಯರು, ಕಥೆ ಬರೆದುಕೊಂಡರು, ಗಂಟು ಬರಲಿಲ್ಲ. ನಾನು ಹಗ್ಗವನ್ನು ಕೈಗೆ ತೆಗೆದುಕೊಂಡು ಒಂದು ಕುಣಿಕೆ ಮಾಡಿ, ತುದಿಯನ್ನು ಅದರೊಳಗಿಂದ ಮೇಲೆತ್ತಿ, ನಿಂತ ಹಗ್ಗದ ಹಿಂದಿನಿಂದ ಸುತ್ತಿ, ಮತ್ತೆ ಅದೇ ಕುಣಿಕೆಗೆ ಇಳಿಸಿ ಎಳೆದೆ. ಕೈಗೆ ಗೊತ್ತಿತ್ತು. ನಮ್ಮಪ್ಪ ಎತ್ತಿನ ಕೊರಳಿಗೆ ಕಣ್ಣಿ ಕಟ್ಟುತ್ತಿದ್ದದ್ದು ಹೀಗೇ. ನಾವು ಮಕ್ಕಳು ಜೀರುಗುಣಿಕೆ ಹಾಕಿದರೆ ಬೈಯುತ್ತಿದ್ದರು: "ಎಳದಷ್ಟೂ ಬಿಗಿಯುತ್ತೆ, ಎತ್ತಿನ ಕುತ್ತಿಗೆ ಕುಯ್ಯುತ್ತೆ." ಜಾರಬಾರದು, ಬೇಕೆಂದಾಗ ಬಿಚ್ಚಲೂ ಬರಬೇಕು. ದೋಣಿಗೂ ಬೇಕಾದ್ದು ಅದೇ.

ಮಧ್ಯಾಹ್ನ ಮಾಯೆಸ್ತ್ರಾಲ್ ಎದ್ದಿತು. ನೆಲ ಕಾದು ಅಲ್ಲಿನ ಗಾಳಿ ಮೇಲೇರಿದಾಗ ಕಡಲಿನಿಂದ ಬರುವ ಗಾಳಿ ಅದು. ಬೇಸಿಗೆಯಲ್ಲಿ ಮಧ್ಯಾಹ್ನ ಬರುತ್ತದೆ, ಸಂಜೆಗೆ ಹೋಗುತ್ತದೆ, ಸರ್ಕಾರಿ ನೌಕರನಿಗಿಂತ ಶಿಸ್ತು. ಕ್ಯಾಪ್ಟನ್ ಹಾಯಿ ಏರಿಸಿ ಎಂಜಿನ್ ಆರಿಸಿದರು. ಗಾಳಿ ಬಲಮಗ್ಗುಲಿಗೆ ಬಡಿಯುತ್ತಿತ್ತು, ದೋಣಿ ಎಡಕ್ಕೆ ವಾಲಿ ಹೊರಟಿತು. ವೇಗ ಆರು ನಾಟ್, ಅಂದರೆ ಗಂಟೆಗೆ 11 ಕಿಲೋಮೀಟರು. ಸೈಕಲ್ಲಿನವನು ಹಿಂದೆ ಹಾಕಿಯಾನು. ಆದರೂ ನಾನು ಎರಡು ಕೈಯಲ್ಲೂ ಕಂಬಿ ಹಿಡಿದಿದ್ದೆ. "ಮಗುಚುತ್ತಾ?" ಅಂತ ಕೇಳಿದರೆ, ದೋಣಿಯ ತಳದಲ್ಲಿ ಸುಮಾರು ಮೂರು ಟನ್ ಭಾರದ ಕೀಲ್ ಇದೆ, ವಾಲಿದಷ್ಟೂ ಅದು ಎಳೆದು ನಿಲ್ಲಿಸುತ್ತದೆ ಅಂದರು. ತಂಜಾವೂರು ಬೊಂಬೆ ನೆನೆದುಕೊಂಡು ಒಂದು ಕೈ ಬಿಟ್ಟೆ.

ಬ್ರಾಚ್ ದ್ವೀಪದ ಮಿಲ್ನಾದಲ್ಲಿ ದೋಣಿ ಕಟ್ಟುವಾಗ ಎಡವಟ್ಟಾಯಿತು. ಅಲ್ಲಿ ದೋಣಿಯ ಹಿಂಬದಿಯನ್ನು ಧಕ್ಕೆಗೆ ಕಟ್ಟುತ್ತಾರೆ. ಮೂತಿಯನ್ನು ಹಿಡಿದು ನಿಲ್ಲಿಸಲು ಧಕ್ಕೆಯಿಂದ ಕಡಲ ತಳಕ್ಕೆ ಇಳಿಬಿಟ್ಟ ಹಗ್ಗವಿರುತ್ತದೆ. ಅದನ್ನು ಕೊಕ್ಕೆಕೋಲಿನಿಂದ ಎತ್ತಿ, ಕೈಯಲ್ಲಿ ಜಾರಿಸಿಕೊಳ್ಳುತ್ತ ಮೂತಿಯವರೆಗೆ ನಡೆದು ಬಿಗಿಯಬೇಕು. ಆ ಕೆಲಸ ನನಗೆ ಬಂದಿತ್ತು. ಹಗ್ಗದ ತುಂಬ ಪಾಚಿ, ಪಾಚಿಯೊಳಗೆ ಬ್ಲೇಡಿನಂಥ ಚಿಪ್ಪುಗಳು. ಅಂಗೈ ಕುಯ್ದದ್ದೇ ಬಿಟ್ಟುಬಿಟ್ಟೆ. ಹಗ್ಗ ಪ್ರೊಪೆಲ್ಲರ್ ಕಡೆ ಹೊರಟಿತು. ವಾರದಲ್ಲಿ ಕ್ಯಾಪ್ಟನ್ ಕಿರುಚಿದ್ದು ಅದೊಂದೇ ಸಲ; ಎಂಜಿನ್ ನ್ಯೂಟ್ರಲ್‌ಗೆ ತಂದು, ಅವರ ಹೆಂಡತಿ ಓಡಿ ಬಂದು ಹಗ್ಗ ಎತ್ತಿದರು. ಅಷ್ಟರಲ್ಲಿ ನಾವು ಪಕ್ಕದ ದೋಣಿಗೆ ಒರಗಿದ್ದೆವು. ಆ ದೋಣಿಯವರು ವೈನ್ ಗ್ಲಾಸು ಕೆಳಗಿಟ್ಟು ಕೈಯಿಂದಲೇ ನಮ್ಮನ್ನು ತಳ್ಳಿ ನಿಲ್ಲಿಸಿ, ಮತ್ತೆ ಗ್ಲಾಸು ಎತ್ತಿಕೊಂಡರು.

ಈ ಗಲಾಟೆಯಲ್ಲಿ ಧಕ್ಕೆಯ ನಲ್ಲಿಯಿಂದ ಟ್ಯಾಂಕಿಗೆ ನೀರು ತುಂಬಿಸಿಕೊಳ್ಳುವುದು ಮರೆತೇ ಹೋಯಿತು. ನಾನು ನಮ್ಮವರು ತುಂಬಿಸಿದರು ಅಂದುಕೊಂಡೆ, ನಮ್ಮವರು ಕುಂದಾಪುರದವನು ತುಂಬಿಸಿದ ಅಂದುಕೊಂಡರು.

ಸೋಮವಾರ, ಪಾಕ್ಲೆನಿ ದ್ವೀಪಗಳು

ಇವತ್ತು ಗಾಳಿ ಬೆನ್ನಿಗೆ. ಸುಖ ಅನ್ನಿಸುತ್ತದೆ, ಆದರೆ ಅಪಾಯ ಇರುವುದು ಇಲ್ಲೇ. ಹಾಯಿಯ ಕೆಳಗಿನ ಅಡ್ಡಕಂಬ, ಬೂಮ್, ಗಾಳಿ ಸ್ವಲ್ಪ ಮಗ್ಗುಲು ಬದಲಿಸಿದರೂ ಆ ಕಡೆಯಿಂದ ಈ ಕಡೆಗೆ ರಪ್ಪನೆ ಬೀಸುತ್ತದೆ. ತಲೆ ಅಡ್ಡ ಇದ್ದರೆ ಮುಗಿಯಿತು. ಎಲ್ಲರೂ ಸತ್ಯನಾರಾಯಣ ಪೂಜೆಗೆ ಕೂತವರಂತೆ ಅಲುಗಾಡದೆ ಕೂತೆವು. ಎಡಕ್ಕೆ ಹ್ವಾರ್ ದ್ವೀಪ ಬಂತು. "ಹ್ವಾಯ್, ಇದ್ ನಮ್ದೇ ಊರ್ ಕಾಣಿ" ಅಂದ ಕುಂದಾಪುರದವನು. ದ್ವೀಪದ ಹೆಸರು ಉಚ್ಚರಿಸಲು ನಮಗೆಲ್ಲ ನಾಲಿಗೆ ಹೊರಳದಾಗ ಅವನೊಬ್ಬನಿಗೆ ಸರಾಗ.

ಸ್ವೇತಿ ಕ್ಲೆಮೆಂಟ್ ದ್ವೀಪದ ಕೊಲ್ಲಿಯಲ್ಲಿ ಲಂಗರು ಹಾಕಿದೆವು. ಆರು ಮೀಟರ್ ಆಳಕ್ಕೆ ಮೂವತ್ತು ಮೀಟರ್ ಸರಪಳಿ. ಲಂಗರಿನ ತೂಕಕ್ಕೆ ದೋಣಿ ನಿಲ್ಲುವುದಲ್ಲ. ಸರಪಳಿ ತಳದಲ್ಲಿ ಮಲಗಿ ಎಳೆದಾಗ ಲಂಗರಿನ ಮೊನೆ ನೇಗಿಲಿನ ಕುಳದಂತೆ ಮರಳಿಗೆ ಇಳಿಯಬೇಕು. ಕ್ಯಾಪ್ಟನ್ ಕನ್ನಡಕ ಹಾಕಿ ಮುಳುಗಿ ನೋಡಿ ಬಂದು ಹೆಬ್ಬೆರಳು ಎತ್ತಿದರು.

ಅವತ್ತೇ ಸಂಜೆ ನೀರಿನ ಮುಳ್ಳು ನೋಡಿದ್ದು. 400 ಲೀಟರ್‌ನಲ್ಲಿ ಕಾಲುಭಾಗ ಉಳಿದಿತ್ತು. ಎರಡು ದಿನದಲ್ಲಿ ಮುನ್ನೂರು ಲೀಟರ್! ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜಿದ್ದಾರೆ, ಈಜಿ ಬಂದವರೆಲ್ಲ ಶವರ್ ಹಿಡಿದಿದ್ದಾರೆ, ಒಬ್ಬೊಬ್ಬರೇ ಪಾತ್ರೆ ತೊಳೆದಿದ್ದಾರೆ. ಯಾರು ಅಂತ ಯಾರೂ ಕೇಳಲಿಲ್ಲ, ಎಲ್ಲರೂ ಕೆಳಗೆ ನೋಡಿದರು. ಮುಂದಿನ ನಲ್ಲಿ ವಿಸ್ ದ್ವೀಪದಲ್ಲಿ.

ನನಗೆ ಒಮ್ಮೆಲೇ ಊರಿಗೆ ಬಂದ ಹಾಗಾಯಿತು. ಪಂಪಿನ ಸ್ವಿಚ್ ಆರಿಸಿ, "ಇನ್ನು ನಲ್ಲಿ ತಿರುಗಿಸುವವರು ನನ್ನನ್ನು ಕೇಳಿ" ಅಂದೆ. ಪಾತ್ರೆ ಮೊದಲು ಬಕೆಟ್ಟಿನಲ್ಲಿ ಸೇದಿದ ಕಡಲ ನೀರಲ್ಲಿ ತಿಕ್ಕುವುದು, ಕೊನೆಯ ಒಂದು ಜಾಲಿಗೆ ಮಾತ್ರ ಸಿಹಿನೀರು. ಸ್ನಾನ ಅಂದರೆ ಕಡಲಲ್ಲಿ ಮುಳುಗೆದ್ದು ಮೆಟ್ಟಿಲ ಮೇಲೆ ಎರಡು ಚೊಂಬು. ಸೋಪು ಬೇಡ, ಉಪ್ಪುನೀರಲ್ಲಿ ನೊರೆ ಬರುವುದೂ ಇಲ್ಲ. ಅಕ್ಕಿ ತೊಳೆದ ನೀರು ಕುಂದಾಪುರದವನ ಹೆಂಡತಿಯ ಕೂದಲಿಗೆ, "ಅಕ್ಕಾ, ಇದು ಬ್ಯೂಟಿ ಟಿಪ್ಸಾ, ಶಿಕ್ಷೆಯಾ?" ಅಂತ ಅವಳು. ಅನ್ನಕ್ಕೆ ಮೂರರಲ್ಲಿ ಒಂದು ಭಾಗ ಕಡಲ ನೀರು ಹಾಕಿದರೆ ಉಪ್ಪೂ ಉಳಿಯಿತು. ಅದನ್ನು ಕಲಿಸಿದ್ದು ಕ್ಯಾಪ್ಟನ್‌ರ ಹೆಂಡತಿ.

ರಾತ್ರಿ ಕುಕ್ಕರಿನಲ್ಲಿ ಬೇಳೆ ಕೂಗಿಸಿ, ಬಸ್ಸಾರು ಇಲ್ಲದ ಕೊರತೆಗೆ ಟೊಮೇಟೊ ಸಾರು ಮಾಡಿ ರಾಗಿಮುದ್ದೆ ಕಟ್ಟಿದೆ. ಕೊಲ್ಲಿಯಲ್ಲಿ ಕುಕ್ಕರ್ ವಿಶಲ್ ಕೇಳಿ ಸುತ್ತಲಿನ ನಾಲ್ಕು ದೋಣಿಗಳಲ್ಲಿ ತಲೆಗಳು ಎದ್ದವು. ಅಲಾರಾಂ ಅಂದುಕೊಂಡರೋ ಏನೋ.

ಮಂಗಳವಾರ, ವಿಸ್

ಹ್ವಾರ್ ಮತ್ತು ವಿಸ್ ನಡುವೆ ಬಯಲು ಕಡಲು. ಗಾಳಿ ಅಷ್ಟೇನಿರಲಿಲ್ಲ, ದಕ್ಷಿಣದಿಂದ ಉದ್ದುದ್ದ ಅಲೆಗಳು ಮಾತ್ರ ಉರುಳಿ ಬರುತ್ತಿದ್ದವು. ಕ್ಯಾಪ್ಟನ್ ಅವನ್ನು ನೋಡಿ ನಾಳೆಯ ಗಾಳಿ ಕೆಟ್ಟದ್ದು ಅಂದರು.

ಮುಕ್ಕಾಲು ಗಂಟೆಯಲ್ಲಿ ಕಡಲ ಮಗ ಮೌನವಾದ. ಒಂದು ಗಂಟೆಗೆ ಮುಖ ಹಾಗಲಕಾಯಿ ಬಣ್ಣಕ್ಕೆ ತಿರುಗಿತು. ಒಳಗೆ ಹೋಗಿ ಮಲಗುತ್ತೇನೆ ಅಂದವನನ್ನು ಕ್ಯಾಪ್ಟನ್ ತಡೆದರು: ಒಳಗೆ ಹೋದರೆ ಕಣ್ಣಿಗೆ ಗೋಡೆ ನಿಂತಿರುವಂತೆ ಕಾಣುತ್ತದೆ, ಕಿವಿಯೊಳಗಿನ ಸಮತೋಲದ ಅಂಗ ಅಲುಗಾಡುತ್ತಿದೆ ಅನ್ನುತ್ತದೆ, ಆ ಜಗಳದಲ್ಲಿ ಹೊಟ್ಟೆ ಕೆಡುತ್ತದೆ. ವಾಂತಿಯನ್ನು ಗಾಳಿ ಬರುವ ಕಡೆಗಲ್ಲ, ಗಾಳಿ ಹೋಗುವ ಕಡೆಗೆ ಮಾಡಬೇಕು. ಅದನ್ನು ಅವನು ಎರಡನೆಯ ಸಲದಲ್ಲಿ ಕಲಿತ. ಶುಂಠಿ ಕೊಟ್ಟೆ, ನಿಂಬೆ ಮೂಸಲು ಕೊಟ್ಟೆ. ಕೊನೆಗೆ ಕೆಲಸ ಮಾಡಿದ್ದು ಕ್ಯಾಪ್ಟನ್ ಮದ್ದು. ಅವನನ್ನೇ ಚುಕ್ಕಾಣಿಗೆ ನಿಲ್ಲಿಸಿ, ದೂರದ ದ್ವೀಪದ ಮೇಲೆ ಕಣ್ಣಿಡು ಅಂದರು. ಹತ್ತು ನಿಮಿಷಕ್ಕೆ ಬಣ್ಣ ಬಂತು, ಇಪ್ಪತ್ತು ನಿಮಿಷಕ್ಕೆ ಮಾತು. "ನಮ್ಮಲ್ಲಿ ಅಲೆ ಬೇರೆ ತರ ಇರತ್" ಅಂದ.

ನನಗೆ ಏನೂ ಆಗಲಿಲ್ಲ. ಬಯಲುಸೀಮೆಯ ಕೆಂಪು ಬಸ್ಸುಗಳಲ್ಲಿ ಕೊನೇ ಸೀಟಿನ ಅಭ್ಯಾಸ.

ಬುಧವಾರ, ವಿಸ್‌ನಲ್ಲೇ

ಜುಗೊ ಗಾಳಿ ಬಂತು. ಹೊರಡುವ ಮಾತೇ ಇಲ್ಲ. ಇಲ್ಲಿಯ ಗಾಳಿಗಳಿಗೆ ನಮ್ಮ ದಿಕ್ಪಾಲಕರನ್ನು ಹೊಂದಿಸಿದರೆ ನೆನಪಿಡುವುದು ಸುಲಭ ಅಂತ ನನಗೆ ಅವತ್ತು ಹೊಳೆಯಿತು. ಒಳ್ಳೆಯ ಮಾಯೆಸ್ತ್ರಾಲ್ ಬರುವುದು ವಾಯವ್ಯದಿಂದ, ವಾಯುವಿನದೇ ಮೂಲೆ. ಬೆಟ್ಟದಿಂದ ಹರಿದು ಬೀಳುವ ತಣ್ಣನೆಯ ಬುರಾ ಈಶಾನ್ಯದ್ದು. ರುದ್ರ, ಹೇಳದೆ ಕೇಳದೆ ಬೀಳುತ್ತಾನೆ. ಜುಗೊ ಆಗ್ನೇಯದ್ದು, ಬೆಚ್ಚಗೆ, ಜಿಗುಟಾಗಿ, ಎರಡು ಮೂರು ದಿನ ಬಿಡದೆ ಅಲೆಯನ್ನು ಗುಡ್ಡೆ ಹಾಕುತ್ತದೆ. ಜನರ ತಲೆ ಕೆಡಿಸುತ್ತದೆ ಅನ್ನುವುದು ಇಲ್ಲಿಯ ನಂಬಿಕೆ. ಹಿಂದೆ ಡುಬ್ರೊವ್ನಿಕ್ ಗಣರಾಜ್ಯದಲ್ಲಿ ಜುಗೊ ಬೀಸುವಾಗ ದೊಡ್ಡ ತೀರ್ಮಾನಗಳನ್ನೇ ಮುಂದೂಡುತ್ತಿದ್ದರಂತೆ. ನಮ್ಮ ದೋಣಿಯಲ್ಲೂ ಯಾರೋ ನನ್ನ ಟವೆಲಿನಲ್ಲಿ ಒರೆಸಿಕೊಂಡರು ಅನ್ನುವುದಕ್ಕೆ ದಂಪತಿಗಳು ಅರ್ಧ ಗಂಟೆ ಮಾತು ಬಿಟ್ಟದ್ದು ಅವತ್ತೇ.

ನಡೆದು ಊರು ನೋಡಿದೆವು. ಯುಗೊಸ್ಲಾವಿಯಾದ ಸೇನೆಯ ನೆಲೆಯಾಗಿದ್ದ ಈ ದ್ವೀಪಕ್ಕೆ 1989ರವರೆಗೆ ವಿದೇಶಿಯರನ್ನು ಬಿಡುತ್ತಿರಲಿಲ್ಲ. ಜಲಾಂತರ್ಗಾಮಿಗಳನ್ನು ಅಡಗಿಸಲು ಬಂಡೆ ಕೊರೆದ ಸುರಂಗ ಇನ್ನೂ ಇದೆ. ಅದಕ್ಕಿಂತ ನಮ್ಮವರಿಗೆ ರೋಮಾಂಚನವಾದದ್ದು ಇಲ್ಲೊಂದು ಕ್ರಿಕೆಟ್ ಕ್ಲಬ್ ಇದೆ ಅನ್ನುವುದು. ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಬ್ರಿಟಿಷ್ ನೌಕಾಪಡೆ ಇಲ್ಲಿ ಬೀಡುಬಿಟ್ಟಿತ್ತು. ವಿಲಿಯಂ ಹೋಸ್ಟ್ ಎಂಬ ಕ್ಯಾಪ್ಟನ್‌ನ ಕಡೆಯವರು ಆಡಿದ ಆಟದ ನೆನಪಿಗೆ ಕ್ಲಬ್ಬಿಗೆ ಅವನದೇ ಹೆಸರು.

ನನ್ನ ಕಣ್ಣು ಬೇರೆ ಕಡೆ ಇತ್ತು. ಬ್ರಾಚ್, ಹ್ವಾರ್, ಶೋಲ್ಟಾ ದ್ವೀಪಗಳಿಗೆ ನೀರು ಬರುವುದು ಮುಖ್ಯ ಭೂಮಿಯ ತ್ಸೆಟಿನಾ ನದಿಯಿಂದ, ಕಡಲಡಿಯ ಪೈಪಿನಲ್ಲಿ. ಅಷ್ಟು ದೂರದ ವಿಸ್‌ಗೆ ಮಾತ್ರ ತನ್ನದೇ ಅಂತರ್ಜಲ. ಪೈಪು ಬರುವ ಮೊದಲು ದ್ವೀಪಗಳಲ್ಲೆಲ್ಲ ಚಾವಣಿಯ ಮಳೆನೀರನ್ನು ಮನೆಯಡಿಯ ಕಲ್ಲಿನ ತೊಟ್ಟಿಗೆ ಇಳಿಸುತ್ತಿದ್ದರು, ಗುಸ್ಟಿರ್ನಾ ಅನ್ನುತ್ತಾರೆ. ಒಂದು ಹಳೇ ಮನೆಯ ಅಂಗಳದಲ್ಲಿ ಅದರ ಬಾಯಿ ಕಂಡೆ. ಕಲ್ಲಿನ ಅಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಕೂರುವಷ್ಟು ಗೀರುಗಳು. ನಮ್ಮೂರ ಸೇದುವ ಬಾವಿಯ ಕಟ್ಟೆಯಲ್ಲೂ ಇಂಥವೇ ಇದ್ದವು.

ಮಧ್ಯಾಹ್ನ ಅಮ್ಮನ ಫೋನು. ವಿಡಿಯೊದಲ್ಲಿ ಕಡಲು ತೋರಿಸಿದೆ. ಅಮ್ಮ ಇಷ್ಟು ನೀರು ಒಟ್ಟಿಗೆ ನೋಡಿದ್ದು ಹಿಂದಿನ ವರ್ಷ ಮಾತ್ರ. ಮಾರಿಕಣಿವೆ ಅಣೆಕಟ್ಟು 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೋಗಿತ್ತು. ಈಗ ಫೋನಿನೊಳಗೆ ಬಗ್ಗಿ ನೋಡಿ ಕೇಳಿದರು: "ಅದೆಲ್ಲ ಸರಿ ಕಣೆ, ಕುಡಿಯೋಕೆ ನೀರು ಐತಾ?"

"ಧಕ್ಕೇಲಿ ತುಂಬಿಸ್ಕೊಂಡ್ವಿ ಅಮ್ಮ. ನಾನೇ ನಿಂತು ತುಂಬಿಸ್ದೆ."

"ಹೂಂ, ಮುಚ್ಚಳ ಮುಚ್ಚು."

ಗುರುವಾರ, ಮಾಸ್ಲಿನಿತ್ಸಾ

ಗಾಳಿ ವಾಯವ್ಯಕ್ಕೆ ತಿರುಗಿತ್ತು. ನಾವು ಹೋಗಬೇಕಾದ್ದು ಉತ್ತರಕ್ಕೆ, ಶೋಲ್ಟಾ ದ್ವೀಪದ ಪಶ್ಚಿಮ ತುದಿಗೆ, 20 ನಾಟಿಕಲ್ ಮೈಲಿ. ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿಯೇ ಹೋಗಬೇಕು. ಹಾಗಾಗಿ ಒಂದಷ್ಟು ದೂರ ಒಂದು ಕಡೆ, ಮತ್ತೆ ತಿರುಗಿ ಇನ್ನೊಂದು ಕಡೆ. ಹೇರು ಹೊತ್ತ ಎತ್ತಿನಗಾಡಿಯನ್ನು ದಿಬ್ಬಕ್ಕೆ ಅಡ್ಡಡ್ಡ ಹೊಡೆದುಕೊಂಡು ಹತ್ತಿಸಿದ ಹಾಗೆ.

ಗಾಳಿ ಬಲವಾದಾಗ ಹಾಯಿಯನ್ನು ಕೆಳಗಿನಿಂದ ಮಡಚಿ ಚಿಕ್ಕದು ಮಾಡಿದರು. "ಮಡಚಬೇಕಾ ಅಂತ ಅನುಮಾನ ಬಂದಾಗಲೇ ಮಡಚಬೇಕು" ಅಂತ ಕ್ಯಾಪ್ಟನ್ ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟರು. ಹಾಯಿಯ ಮೇಲೆ ಹೊಲಿದ ಸಣ್ಣ ಉಣ್ಣೆ ಎಳೆಗಳಿರುತ್ತವೆ. ಎರಡೂ ಪಕ್ಕದವು ನೇರ ಹಿಂದಕ್ಕೆ ಹಾರುತ್ತಿದ್ದರೆ ದಾರಿ ಸರಿ. ಗಾಳಿ ಬರುವ ಪಕ್ಕದ್ದು ಕುಣಿದರೆ ಗಾಳಿಗೆ ತೀರಾ ಮುಖ ಕೊಟ್ಟಿದ್ದೇವೆ, ಮೂತಿಯನ್ನು ಗಾಳಿಯಿಂದ ಸ್ವಲ್ಪ ಆಚೆ ತಿರುಗಿಸಬೇಕು. ಮೊದಲರ್ಧ ಗಂಟೆ ಎಳೆ ಕುಣಿಯುವುದು, ನಾನು ಅತಿಯಾಗಿ ತಿರುಗಿಸುವುದು, ದೋಣಿ ಹಾವಿನಂತೆ ಹೊರಳುವುದು. ಆಮೇಲೆ ಯಾವಾಗಲೋ ಎಳೆ ನೋಡುವುದು ಬಿಟ್ಟಿದ್ದೆ. ಎಡಗೆನ್ನೆಗೆ ಗಾಳಿ ಎಷ್ಟು ತಗಲುತ್ತಿದೆ ಅನ್ನುವುದರಲ್ಲೇ ಗೊತ್ತಾಗುತ್ತಿತ್ತು. ಮೊರದಲ್ಲಿ ರಾಗಿ ತೂರುವಾಗ ಅಜ್ಜಿ ಕೆನ್ನೆ ತಿರುಗಿಸಿ ನಿಲ್ಲುತ್ತಿದ್ದಳು.

"ತಿರುಗೋಣ, ತಯಾರಾ?" ಅಂತ ನಾನೇ ಕೂಗಿದೆ. ಮೂತಿ ಗಾಳಿಯನ್ನು ದಾಟಿತು, ಹಾಯಿಗಳು ಪಟಪಟಿಸಿ ಆ ಕಡೆಗೆ ತುಂಬಿಕೊಂಡವು, ದೋಣಿ ಎಡಕ್ಕೆ ವಾಲಿತು. ಒಳಗಿನಿಂದ ದಡದಡ ಸದ್ದು. ಬೆಳಿಗ್ಗೆ ಸಾಮಾನು ಬಿಗಿದಿಡುವ ಪಾಳಿ ನನ್ನದೇ. ಕುಕ್ಕರಿನ ಮುಚ್ಚಳ ಮೆಟ್ಟಿಲವರೆಗೆ ಉರುಳಿ ಬಂದಿತ್ತು, ಚಟ್ನಿಪುಡಿ ಡಬ್ಬಿ ತೆರೆದುಕೊಂಡು ಕ್ಯಾಪ್ಟನ್‌ರ ಬಿಳಿ ಹಾಸಿಗೆಯವರೆಗೂ ಕೆಂಪು ದಾರಿ. ಸಂಜೆ ಮಾಸ್ಲಿನಿತ್ಸಾದಲ್ಲಿ ಅದನ್ನು ಗುಡಿಸುವಾಗ ಅವರು ಬೆರಳಿಗೆ ಅಂಟಿದ್ದನ್ನು ನೆಕ್ಕಿ, ಬ್ರೆಡ್ಡಿಗೆ ಹಾಕಿಕೊಳ್ಳಬಹುದಾ ಅಂತ ಕೇಳಿದರು. ಅಳಿದುಳಿದದ್ದನ್ನು ಡಬ್ಬಿಗೆ ತುಂಬಿ ಅವರಿಗೇ ಕೊಟ್ಟೆ.

ಅವತ್ತು ಆ ಪಾಚಿಹಗ್ಗವನ್ನು ನಾನು ಬಿಡಲಿಲ್ಲ. ಕೈಗೆ ಗ್ಲೌಸ್ ಹಾಕಿದ್ದೆ, ಅಷ್ಟೇ ವ್ಯತ್ಯಾಸ.

ಶುಕ್ರವಾರ, ಮತ್ತೆ ಸ್ಪ್ಲಿಟ್

ಡೀಸೆಲ್ ತುಂಬಿಸಿಯೇ ದೋಣಿ ಒಪ್ಪಿಸಬೇಕು. ಬಂಕಿನ ಮುಂದೆ ದೋಣಿಗಳ ಸಾಲು, ಎರಡು ಗಂಟೆ ಸುತ್ತು ಹೊಡೆದೆವು. ಮುಳುಗುಗಾರನೊಬ್ಬ ಇಳಿದು ತಳ ಗೀರಿದೆಯಾ ನೋಡಿ ಬಂದ, ಸರಿಯಿದೆ ಅಂದ. ಪಟ್ಟಿಯ ಹುಡುಗ ಮತ್ತೆ ಬಂದ. ಚಮಚ ಹನ್ನೊಂದು. ಆರೂ ಜನ ದಿಂಬು, ಹಾಸಿಗೆ, ತಳದ ಹಲಗೆಯವರೆಗೆ ಹುಡುಕಿದೆವು. ಕೊನೆಗೆ ಕ್ಯಾಪ್ಟನ್ ನಾಚಿಕೊಂಡು ತಮ್ಮ ಚೀಲ ಬಿಚ್ಚಿ ಚಟ್ನಿಪುಡಿ ಡಬ್ಬಿ ತೆಗೆದರು. ಚಮಚ ಅದರೊಳಗೇ ಇತ್ತು.

ಟ್ಯಾಂಕಿನ ಮುಳ್ಳು ಮುಕ್ಕಾಲಿನ ಹತ್ತಿರ ನಿಂತಿತ್ತು. ಅದನ್ನು ಯಾರೂ ಕೇಳಲಿಲ್ಲ. ನಾನು ಫೋಟೊ ತೆಗೆದುಕೊಂಡೆ, ಅಮ್ಮನಿಗೆ.

ಶನಿವಾರ

ಒಂಬತ್ತಕ್ಕೆ ದೋಣಿ ಬಿಡಬೇಕು. ಅದಕ್ಕೆ ಮೊದಲು ಬಂದರಿನ ಸ್ನಾನಗೃಹಕ್ಕೆ ಹೋದೆ. ಬಿಸಿನೀರು, ಎಷ್ಟು ಬೇಕಾದರೂ. ತಲೆಗೆ ಶಾಂಪೂ ಹಾಕಲು ನಲ್ಲಿ ನಿಲ್ಲಿಸಿದೆ, ಪಕ್ಕದ ಕೋಣೆಯಲ್ಲೂ ಅದೇ ಹೊತ್ತಿಗೆ ನೀರು ನಿಂತಿತು.

"ಅಕ್ಕಾ, ನೀವಾ?"

"ಹೂಂ ಕಣೆ."

ಕಣ್ಣು ಮುಚ್ಚಿದ್ದೇ ತಡ, ಟೈಲ್ಸ್ ನೆಲ ನಿಧಾನಕ್ಕೆ ಎಡಕ್ಕೆ ವಾಲಿತು. ಗೋಡೆಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಲ್ಲಿ ತಲೆ ತಿಕ್ಕಿಕೊಂಡೆ.